ಗಜ ಅಂದ್ರೆ ಆನೆಯೋ, ಸೀರೆಯ ಅಳತೆಯೋ?

ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಯಜಮಾನರನ್ನು ಆಫೀಸಿಗೆ ಕಳಿಸಿ, ಕುಕ್ಕರ್ ಇಳಿಸಿ, ಎರಡನೇ ಸಲದ ಚಹಾ ಹಿಡಿದು ಕೂರುವ ಆ ಹದಿನೈದು ನಿಮಿಷ ಇದೆಯಲ್ಲ, ಅದು ಮಾತ್ರ ನಮ್ಮದು. ಆ ಹೊತ್ತಿನಲ್ಲಿ ಕೆಲವರು ಪೇಪರಿನ ಪದಬಂಧ ತುಂಬುತ್ತಾರೆ, ಕೆಲವರು ರಾತ್ರಿ ತಪ್ಪಿದ ಧಾರಾವಾಹಿ ನೋಡುತ್ತಾರೆ. ಈಚೆಗೆ ಇನ್ನೊಂದು ಆಟ ಮನೆ ಮನೆಗೆ ಬಂದಿದೆ. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಮಗನೋ ಸೊಸೆಯೋ ಹಳದಿ, ಹಸಿರು, ನೀಲಿ, ನೇರಳೆ ಬಣ್ಣದ ಚೌಕಗಳನ್ನು ಕಳಿಸಿರಬೇಕು. ನೀವು ಅದೇನೆಂದು ತಿಳಿಯದೆ ಒಂದು ನಮಸ್ಕಾರದ ಚಿತ್ರ ಒತ್ತಿ ಸುಮ್ಮನಾಗಿರಬೇಕು. ನಾನೂ ಹಾಗೇ ಮಾಡಿದ್ದೆ!

ಬೆಂಗಳೂರಿನಲ್ಲಿರುವ ಮಗಳನ್ನು ಕೇಳಿದಾಗ ಗೊತ್ತಾಯಿತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಜೂನ್‌ನಲ್ಲಿ ಶುರು ಮಾಡಿದ ‘ಕನೆಕ್ಷನ್ಸ್’ ಎಂಬ ಆಟವಂತೆ. ಹದಿನಾರು ಪದ ಕೊಡುತ್ತಾರೆ. ಒಂದಕ್ಕೊಂದು ಸಂಬಂಧವಿರುವ ನಾಲ್ಕು ನಾಲ್ಕು ಪದ ಆರಿಸಿ ನಾಲ್ಕು ಗುಂಪು ಮಾಡಬೇಕು. ನಾಲ್ಕು ಸಲ ತಪ್ಪಿದರೆ ಆಟ ಮುಗಿಯಿತು. ಹಳದಿ ಗುಂಪು ಸುಲಭ, ನೇರಳೆ ಗುಂಪು ತಲೆ ತಿನ್ನುವಂಥದ್ದು. ದಿನಕ್ಕೆ ಒಂದೇ ಆಟ, ರಾತ್ರಿ ಹನ್ನೆರಡು ದಾಟಿದರೆ ಹೊಸದು. ಇದಕ್ಕೂ ಮೊದಲೇ ಇಂಗ್ಲೆಂಡಿನ ಬಿಬಿಸಿ ಟೀವಿಯಲ್ಲಿ 2008ರಿಂದ ‘ಓನ್ಲಿ ಕನೆಕ್ಟ್’ ಅನ್ನುವ ಕಾರ್ಯಕ್ರಮದಲ್ಲಿ ಇಂಥದ್ದೇ ಹದಿನಾರರ ಗೋಡೆ ಇತ್ತು. ಅಷ್ಟು ದೂರ ಯಾಕೆ, ನಾವು ಶಾಲೆಯಲ್ಲಿ ‘ಗುಂಪಿಗೆ ಸೇರದ ಪದವನ್ನು ಗುರುತಿಸಿ’ ಅಂತ ಒಂದೊಂದು ಮಾರ್ಕಿಗೆ ಬರೆಯುತ್ತಿರಲಿಲ್ಲವೇ? ಅದನ್ನೇ ತಿರುವಿ ಹಾಕಿದರೆ ಈ ಆಟ.

ಮೊದಲ ದಿನ ಆಡಿದೆ, ಸೋತೆ. ಎರಡನೇ ದಿನವೂ ಸೋತೆ. ಅಲ್ಲಿನ ಬೇಸ್‌ಬಾಲ್ ತಂಡ, ಅಲ್ಲಿನ ಅಂಗಡಿಯ ತಿಂಡಿ, ಅಲ್ಲಿನ ಹಳೇ ಹಾಸ್ಯ ಧಾರಾವಾಹಿಯ ಪಾತ್ರ... ಕಲಬುರಗಿಯಲ್ಲಿ ಕೂತ ನನಗೆ ಅವೆಲ್ಲ ಎಲ್ಲಿಂದ ಗೊತ್ತಾಗಬೇಕು? ‘ಅಮ್ಮ, ನಿಂಗೆ ಇಂಗ್ಲಿಷ್ ಸ್ವಲ್ಪ ವೀಕು’ ಅಂದಳು ಮಗಳು. ಬೇಜಾರಾಯಿತು ನಿಜ. ಆದರೆ ಇಲ್ಲಿ ನನ್ನ ಒಂದು ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಆಟದಲ್ಲಿ ಸೋಲುವವರು ದಡ್ಡರಲ್ಲ, ಆತುರದವರು. ಭಾಷೆ ನಮ್ಮದಾಗಿದ್ದರೆ ನಮ್ಮಂಥ ಗೃಹಿಣಿಯರು ಯಾರಿಗೂ ಕಡಿಮೆ ಇಲ್ಲ. ಹಾಗಾಗಿ ಕನ್ನಡದಲ್ಲೇ ಮಾಡಿಕೊಳ್ಳೋಣ. ಒಂದು ಹಾಳೆ, ಒಂದು ಪೆನ್ನು, ಹದಿನಾರು ಚೀಟಿ ಸಾಕು.

ನಾನು ಮೊದಲು ಮಾಡಿದ್ದು ಇದು. ಕೆಳಗೆ ಓದುವ ಮುಂಚೆ ಎರಡು ನಿಮಿಷ ನೀವೂ ನೋಡಿ:

ಗಜ, ಹುರಿ, ಮೊಳ, ವಿಜಯ, ಕರಿ, ಅಡಿ, ಶಿಕಾರಿ, ಕಡೆ, ಆನೆ, ಮಾರು, ಸುರ, ಕುಟ್ಟು, ದಂತಿ, ಗೇಣು, ನಾರಾಯಣ, ಅರೆ.

ಇದನ್ನು ಮೊದಲು ಆಡಿದ್ದು ಮಗಳಲ್ಲ, ನಮ್ಮವ್ವ. ಅವ್ವ ಇರುವುದು ಗೋಗಿಯಲ್ಲಿ, ಶಹಾಪುರ ತಾಲ್ಲೂಕು. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್ ಕೊನೆಗೆ. ಅವ್ವನ ಬಾಯಲ್ಲಿ ಮಾತ್ರ ಇವತ್ತಿಗೂ ‘ಗುಲ್ಬರ್ಗಾ ಜಿಲ್ಲಾ’ನೇ. ನಾಲ್ಕನೇ ಕ್ಲಾಸಿನವರೆಗೆ ಓದಿದಾಕೆ, ಕನ್ನಡಕ ಹಾಕಿಕೊಂಡು ಪೇಪರಿನ ದಪ್ಪಕ್ಷರ ಓದುತ್ತಾಳೆ. ಅಪ್ಪ ಹೋದ ಮೇಲೆ ಅವ್ವನ ಮಾತು ಕಡಿಮೆಯಾಗಿಬಿಟ್ಟಿತ್ತು. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ‘ಊಟ ಆತಾ?’ ‘ಆತು.’ ‘ಗುಳಿಗಿ ತೊಗೊಂಡಿ?’ ‘ಹೂಂ.’ ‘ಮತ್ತs?’ ‘ಮತ್ತೇನದ, ಇಡ್ಲೇನು?’ ಅಷ್ಟೇ. ಒಂದು ನಿಮಿಷವೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ತವರಿನ ಫೋನೂ ಹೀಗೇ ಇರಬಹುದು. ಏನಾದರೂ ಮಾತಿಗೆ ಸಿಕ್ಕಲಿ ಅಂತ ಒಂದು ದಿನ ಈ ಹದಿನಾರು ಪದ ಹೇಳಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೋ ಅಂದೆ. ಹುಚ್ಚಾಟ ಅಂತ ಬೈದಳು, ಆದರೂ ಬರೆದುಕೊಂಡಳು.

ಹತ್ತು ನಿಮಿಷಕ್ಕೆ ಆಕೆಯೇ ಫೋನ್ ಮಾಡಿದಳು. ‘ಅಡಗಿ ಮನ್ಯಾಗಿನವು ಸಿಕ್ಕಾವ ನೋಡು. ಹುರಿ, ಕರಿ, ಕುಟ್ಟು, ಅರೆ.’

‘ತಪ್ಪವ್ವ, ಒಂದು ಬ್ಯಾರೆ ಅದ.’

‘ಏನ್ ತಪ್ಪು? ಐವತ್ತು ವರ್ಷ ಅಡಗಿ ಮಾಡೀನಿ. ಎಣ್ಣ್ಯಾಗ ಕರಿಯೂದು ನಿನಗ ಕಲಿಸಿದಾಕಿ ನಾನs!’ ಅಂದವಳೇ ಇಟ್ಟುಬಿಟ್ಟಳು. ಸಿಟ್ಟು!

ಅವ್ವ ಎಡವಿದ ಜಾಗದಲ್ಲೇ ನಾವೆಲ್ಲ ಎಡವುವುದು. ಗುಟ್ಟೂ ಅಲ್ಲೇ ಇದೆ, ಸ್ವಲ್ಪ ನಿಧಾನವಾಗಿ ನೋಡಿ. ಅಡುಗೆಯ ಕ್ರಿಯೆ ಹುಡುಕಿದರೆ ನಾಲ್ಕಲ್ಲ, ಐದು ಸಿಗುತ್ತವೆ: ಹುರಿ, ಕರಿ, ಕುಟ್ಟು, ಅರೆ, ಮತ್ತೆ ಕಡೆ. ಮಜ್ಜಿಗೆ ಕಡೆಯುವುದಿಲ್ಲವೇ, ಅದೇ ಕಡೆ. ಅಳತೆ ಹುಡುಕಿದರೆ ಅಲ್ಲೂ ಐದು: ಗೇಣು, ಮೊಳ, ಮಾರು, ಅಡಿ, ಗಜ. ಹೂವಾಡಗಿತ್ತಿ ಮೊಳದಲ್ಲಿ ಅಳೆದು ಕೊಡುತ್ತಾಳೆ, ಉದಾರಿಯಾದರೆ ಎರಡು ಕೈ ಚಾಚಿ ಮಾರಿನಲ್ಲಿ. ಸೀರೆ ಅಂಗಡಿಯವನಿಗೆ ಗಜ. ಐದು ಸಿಕ್ಕಿದ ಕಡೆ ಕೈ ಹಾಕಲೇಬೇಡಿ. ಐದರಲ್ಲಿ ಯಾವುದೋ ಒಂದು ಬೇರೆ ಮನೆಯ ಹೆಣ್ಣುಮಗಳು, ಇಲ್ಲಿಗೆ ಸುಮ್ಮನೆ ಬಂದು ಕೂತಿದ್ದಾಳೆ. ಅವಳ ಮನೆ ಯಾವುದು ಅಂತ ಗೊತ್ತಾಗುವವರೆಗೆ ಮುಂದಿನ ಗುಂಪಿಗೆ ಹೋಗಿ.

ಯಾವ ಗುಂಪಿಗೆ? ಸರಿಯಾಗಿ ನಾಲ್ಕೇ ಸಿಗುವ ಗುಂಪಿಗೆ. ಇಲ್ಲಿ ಅದನ್ನು ಹಿಡಿದು ಕೊಡುವ ಪದ ದಂತಿ. ಅದಕ್ಕೆ ಎರಡನೇ ಅರ್ಥ ಸುಲಭಕ್ಕೆ ಹೊಳೆಯುವುದಿಲ್ಲ. ದಂತ ಇರುವುದು ಆನೆಗೆ. ದಂತಿ, ಆನೆ... ಗಜ ಅಂದರೂ ಆನೆ, ಗಜಾನನ ಅನ್ನುವುದಿಲ್ಲವೇ? ನಾಲ್ಕನೆಯದು ಕರಿ! ಹಳಗನ್ನಡದ ಪಾಠದಲ್ಲಿ ಕರಿ ಅಂದರೆ ಆನೆ ಅಂತ ಮೇಷ್ಟ್ರು ಹೇಳಿದ್ದು ನೆನಪಾಯಿತೇ? ಈಗ ನೋಡಿ, ಗಜ ಅಳತೆಯಿಂದ ಎದ್ದು ಬಂತು, ಕರಿ ಬಾಣಲೆಯಿಂದ ಎದ್ದು ಬಂತು. ಆ ಎರಡೂ ಗುಂಪು ತಾವಾಗಿಯೇ ನಾಲ್ಕಾದವು. ಒಂಟಿ ಪದದಿಂದ ಹೊರಡಿ ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ. ಎಲ್ಲರ ಜೊತೆ ಹೊಂದಿಕೊಳ್ಳುವ ಪದವನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲೂ ಹೊಂದದ, ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ ಪದವನ್ನು ಮೊದಲು ಮಾತಾಡಿಸಿ.

ಉಳಿದದ್ದು ಸುರ, ವಿಜಯ, ನಾರಾಯಣ, ಶಿಕಾರಿ. ದೇವರೇ, ಇವಕ್ಕೇನು ಸಂಬಂಧ? ಇದೇ ನೇರಳೆ ಗುಂಪು. ಇಲ್ಲಿ ಪದದ ಅರ್ಥ ನೋಡಬಾರದು. ಮುಂದೆಯೋ ಹಿಂದೆಯೋ ಏನನ್ನಾದರೂ ಅಂಟಿಸಿ ನೋಡಬೇಕು. ಪುರ ಅಂಟಿಸಿ: ಸುರಪುರ, ವಿಜಯಪುರ, ನಾರಾಯಣಪುರ, ಶಿಕಾರಿಪುರ. ನಮ್ಮ ಕೃಷ್ಣೆಗೆ ಅಣೆಕಟ್ಟು ಕಟ್ಟಿದ್ದಾರಲ್ಲ, ಅದೇ ನಾರಾಯಣಪುರ. ಶಿಕಾರಿಯ ಪಕ್ಕ ಆನೆ ಇಟ್ಟದ್ದು ನನ್ನ ಕಿಡಿಗೇಡಿತನ, ಬೈದುಕೊಳ್ಳಬೇಡಿ.

ಇನ್ನು ಅವ್ವನ ಕಥೆಗೆ ಬರೋಣ. ಮಾರನೆಯ ದಿನ ನಾನು ಫೋನ್ ಮಾಡಿದರೆ ಆಟದ ಮಾತೇ ಇಲ್ಲ, ಅದೇ ‘ಆತು, ಹೂಂ’. ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಫೋನು. ಎದೆ ಧಸಕ್ಕೆಂದಿತು, ಆ ಹೊತ್ತಿನ ತವರಿನ ಫೋನ್ ಅಂದರೆ ನಿಮಗೇ ಗೊತ್ತಲ್ಲ. ‘ಕಡೆ ಅಂದ್ರ ಮಜ್ಜಿಗಿ ಕಡಿಯೂದು! ಕರಿ ಅದರಾಗಿಂದಲ್ಲ. ಆನಿ ಅದು! ಗುಡಿಯಾಗ ಪುರಾಣ ಹೇಳ್ತಾರಲ್ಲ, ಅದರಾಗ ಬರ್ತದ’ ಅಂದಳು. ಎರಡು ರಾತ್ರಿ ಅದನ್ನೇ ಯೋಚನೆ ಮಾಡಿದ್ದಾಳೆ! ಅಳತೆಯ ಗುಂಪನ್ನಂತೂ ಒಂದೇ ಉಸಿರಿಗೆ ಹೇಳಿದಳು, ಜೊತೆಗೆ ಗೇಣಿಗೆ ಎಷ್ಟು ಬೆರಳು, ಮೊಳಕ್ಕೆ ಎಷ್ಟು ಗೇಣು ಅಂತ ಪಾಠ ಬೇರೆ. ಆದರೆ ಕೊನೆಯ ಗುಂಪು ಆಕೆಗೆ ಬಗೆಹರಿಯಲಿಲ್ಲ. ನಾರಾಯಣಪುರ ಹೊಳೆದಿತ್ತು, ವಿಜಯ ಹೊಂದಲಿಲ್ಲ. ಯಾಕೆ ಹೇಳಿ? ಸರ್ಕಾರ 2014ರ ನವೆಂಬರ್ ಒಂದರಂದು ವಿಜಯಪುರ ಅಂತ ಹೆಸರು ಬದಲಿಸಿದ್ದು ಅವ್ವನ ಕಿವಿಗೆ ಇಳಿದೇ ಇಲ್ಲ, ಆಕೆಗೆ ಅದು ಬಿಜಾಪುರ. ಸುರಪುರವೂ ಆಕೆಗೆ ಶೋರಾಪುರ. ಕೊನೆಗೆ ಬಿಡಿಸಿದ್ದು ತಮ್ಮನ ಮಗ, ಏಳನೇ ಕ್ಲಾಸಿನವನು. ‘ಆಯೀ, ಬಸ್ಸಿನ ಬೋರ್ಡ್ ನೋಡಿಲ್ಲೇನು?’ ಅಂದನಂತೆ. ಆನೆ ಆತನಿಗೆ ಸಿಕ್ಕಿರಲಿಲ್ಲ, ಪುರ ಈಕೆಗೆ ಸಿಕ್ಕಿರಲಿಲ್ಲ.

ಅಂದಿನಿಂದ ಈ ಆಟವನ್ನು ಒಬ್ಬರೇ ಆಡುವುದಕ್ಕಿಂತ ಎರಡು ತಲೆಮಾರಿನವರು ಸೇರಿ ಆಡುವುದು ವಾಸಿ ಅಂತ ನನಗನ್ನಿಸಿದೆ. ಅತ್ತೆ-ಸೊಸೆ ಆಡಿದರೆ ಇನ್ನೂ ಚೆನ್ನ. ಯಾರಿಗೆ ಯಾವ ಪದ ಗೊತ್ತು ಅನ್ನುವುದು ಡಿಗ್ರಿ ನೋಡಿ ಹೇಳಲಿಕ್ಕಾಗುವುದಿಲ್ಲ.

ಗೋಗಿಯ ಮಾತು ಬಂತಲ್ಲ, ಒಂದು ಪದಕ್ಕೆ ಎರಡು ಮನೆ ಇರುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರಲ್ಲಿ ಚಂದಾ ಹುಸೇನಿ ದರ್ಗಾ ಇದೆ. ಬಿಜಾಪುರ ಆಳಿದ ಆದಿಲ್‌ಶಾಹಿಗಳ ಮೊದಲ ಸುಲ್ತಾನ ಯೂಸುಫ್ 1510ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಇಲ್ಲಿ, ಆತನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ. ಗೋಳಗುಮ್ಮಟ ನೋಡಲು ಮಕ್ಕಳನ್ನು ಕರಕೊಂಡು ಹೋಗುವ ನಾವು ಆ ವಂಶದ ಹಿರಿಯರು ಗೋಗಿಯಲ್ಲಿದ್ದಾರೆ ಅನ್ನುವುದನ್ನು ಮರೆತೇಬಿಡುತ್ತೇವೆ. ಈಗ ಆಟಕ್ಕೆ ಬನ್ನಿ. ಯೂಸುಫ್, ಇಸ್ಮಾಯಿಲ್, ಅಲಿ, ಮೊಹಮ್ಮದ್, ಇಬ್ರಾಹಿಂ, ಈ ಐದು ಹೆಸರು ಕೊಟ್ಟು ‘ಗೋಗಿಯಲ್ಲಿರುವವರು ಯಾರು, ವಿಜಯಪುರದಲ್ಲಿರುವವರು ಯಾರು?’ ಅಂದರೆ ಇಬ್ರಾಹಿಮನನ್ನು ಎಲ್ಲಿಡುತ್ತೀರಿ? ಒಂದನೇ ಇಬ್ರಾಹಿಂ ಗೋಗಿಯಲ್ಲಿ, ಎರಡನೇ ಇಬ್ರಾಹಿಂ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ. ಇಂಥ ಹೆಸರನ್ನು ಅರ್ಥ ನೋಡಿ ಇಡಲಾಗುವುದಿಲ್ಲ, ಯಾವ ಗುಂಪಿನಲ್ಲಿ ಜಾಗ ಖಾಲಿ ಇದೆ ಅಂತ ಎಣಿಸಿಯೇ ಇಡಬೇಕು.

ಇನ್ನು ಕೆಲವು ಸಣ್ಣಪುಟ್ಟ ಕಿವಿಮಾತು. ಪದಗಳನ್ನು ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ‘ಮಾರು’ ಅಂತ ಎರಡು ಸಲ ಹೇಳಿಕೊಂಡರೆ ಒಂದು ಸಲ ಅಳತೆ ಕೇಳಿಸುತ್ತದೆ, ಇನ್ನೊಂದು ಸಲ ‘ಹಳೇ ಪೇಪರ್ ಮಾರು’ ಅನ್ನುವುದು ಕೇಳಿಸುತ್ತದೆ. ಕನ್ನಡದಲ್ಲಿ ಇಂಥವು ರಾಶಿ ಇವೆ. ಅರೆ ಅಂದರೆ ಅರ್ಧವೂ ಹೌದು. ಕಾಲು ಅಂದರೆ ಪಾದದ ಮೇಲಿನದೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ನೆರೆ ಅಂದರೆ ಪಕ್ಕದ ಮನೆ, ಪ್ರವಾಹ, ತಲೆಯ ಬಿಳಿಕೂದಲು ಮೂರೂ ಹೌದು! ಸೇರು ಅಂದರೆ ಅಕ್ಕಿ ಅಳೆಯುವುದು, ಒಟ್ಟಿಗೆ ಕೂಡುವುದು. ನೀವೇ ಆಟ ಕಟ್ಟುವಾಗ ಇಂಥ ಎರಡು ಮುಖದ ಪದ ಮೊದಲು ಆರಿಸಿಕೊಂಡು, ಅದರ ಎರಡೂ ಕಡೆ ಒಂದೊಂದು ಗುಂಪು ಬೆಳೆಸುತ್ತ ಹೋಗಬೇಕು. ತಿಂಡಿಯ ನಾಲ್ಕು, ಹೂವಿನ ನಾಲ್ಕು, ಹಬ್ಬದ ನಾಲ್ಕು ಅಂತ ಸಪ್ಪಗೆ ಕಟ್ಟಿದರೆ ಮೂರನೇ ಕ್ಲಾಸಿನ ಮಗುವೂ ಆಕಳಿಸುತ್ತದೆ. ಸಂಸ್ಕೃತದ ಅಮರಕೋಶದಲ್ಲಿ ಪದಗಳನ್ನು ವರ್ಗ ಮಾಡಿ ಜೋಡಿಸಿ, ಹಲವು ಅರ್ಥದ ಪದಗಳಿಗೆ ‘ನಾನಾರ್ಥ ವರ್ಗ’ ಅಂತಲೇ ಒಂದು ಬೇರೆ ಇಟ್ಟಿದ್ದಾರೆ. ಅಂದರೆ ತೊಂದರೆ ಕೊಡುವ ಪದಗಳಿಗೆ ಬೇರೆ ಡಬ್ಬಿ ಬೇಕು ಅನ್ನುವುದು ಹಿಂದಿನವರಿಗೂ ಗೊತ್ತಿತ್ತು.

ಫೋನಿನ ಆಟದಲ್ಲಿ ‘ಒಂದು ಮಾತ್ರ ತಪ್ಪಿದೆ’ ಅಂತ ತೋರಿಸಿದರೆ ಎಲ್ಲರೂ ಮಾಡುವ ತಪ್ಪು, ತಕ್ಷಣ ಯಾವುದೋ ಒಂದನ್ನು ತೆಗೆದು ಇನ್ನೊಂದನ್ನು ಹಾಕುವುದು. ಅಲ್ಲಿಗೆ ಎರಡನೇ ಅವಕಾಶವೂ ಹೋಯಿತು. ಅದರ ಬದಲು ಆ ನಾಲ್ಕರಲ್ಲಿ ಯಾವುದಕ್ಕೆ ಹೊರಗೆ ಇನ್ನೊಂದು ಮನೆ ಇರಬಹುದು ಅಂತ ಕೇಳಿಕೊಳ್ಳಿ. ಹೊಳೆಯದಿದ್ದರೆ ಪದಗಳ ಜಾಗ ಕಲಸಿ. ಫೋನಿನಲ್ಲಿ ಅದಕ್ಕೊಂದು ಗುಂಡಿ ಇದೆ, ಮನೆಯಲ್ಲಾದರೆ ಚೀಟಿಗಳನ್ನು ಇಸ್ಪೀಟ್ ಎಲೆಯಂತೆ ಕಲಸಿ ಹರಡಿ. ಆಟ ಕಟ್ಟಿದವರು ಬೇಕೆಂದೇ ಮೋಸದ ಜೋಡಿಗಳನ್ನು ಅಕ್ಕಪಕ್ಕ ಕೂರಿಸಿರಬಹುದು. ಅದೂ ಆಗದಿದ್ದರೆ ಎದ್ದು ಹೋಗಿ ಪಾತ್ರೆ ತೊಳೆಯಿರಿ. ತಮಾಷೆಯಲ್ಲ, ನನಗೆ ಅರ್ಧಕ್ಕರ್ಧ ಉತ್ತರ ಸಿಂಕಿನ ಮುಂದೆಯೇ ಸಿಕ್ಕಿದೆ. ಒಲೆಯ ಮೇಲೆ ಹಾಲಿಟ್ಟು ಮಾತ್ರ ಆಡಬೇಡಿ. ಈ ಮಾತನ್ನು ಎರಡು ಲೀಟರ್ ಹಾಲು ಉಕ್ಕಿಸಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ಸುಳಿವು ನೋಡಬಹುದೇ? ನನ್ನ ಪ್ರಕಾರ ಧಾರಾಳವಾಗಿ ನೋಡಬಹುದು. ‘ಒಂದು ಗುಂಪು ಅಡುಗೆಮನೆಯದು’ ಅಂತ ಯಾರಾದರೂ ಹೇಳಿದರೆ ಆಟ ಕೆಡುವುದಿಲ್ಲ, ಹುಡುಕುವ ಕೆಲಸ ಇನ್ನೂ ನಮ್ಮದೇ ಇರುತ್ತದೆ. ಉತ್ತರ ನೋಡಿ ಒತ್ತಿ, ಆಮೇಲೆ ‘ಒಂದೂ ತಪ್ಪಿಲ್ಲ’ ಅಂತ ಬಣ್ಣದ ಚೌಕ ಕಳಿಸುವುದು ಮಾತ್ರ ನನಗೆ ಹಿಡಿಸದು. ಹೋಟೆಲಿನ ಹೋಳಿಗೆ ತಂದು ಮನೆಯಲ್ಲಿ ಮಾಡಿದ್ದು ಅಂತ ಬಡಿಸಿದ ಹಾಗೆ. ನನ್ನ ಮಗಳೇ ಒಂದಷ್ಟು ದಿನ ಹೀಗೆ ಮಾಡಿದಳು. ದಿನಗಳ ಲೆಕ್ಕ ತಪ್ಪಬಾರದಂತೆ! ಕೇಳಿದರೆ ‘ಎಲ್ಲರೂ ಮಾಡ್ತಾರಮ್ಮ’ ಅಂದಳು. ಸೋತ ದಿನದ ಚೌಕವನ್ನೂ ಕಳಿಸು, ಯಾರೂ ನಿನ್ನ ಸಂಬಳ ಕಡಿಯುವುದಿಲ್ಲ ಅಂದೆ.

ಇನ್ನೊಂದು ಮಾತು. ಇಂಥ ಆಟ ಆಡಿದರೆ ವಯಸ್ಸಾದ ಮೇಲೆ ಮರೆವು ಬರುವುದೇ ಇಲ್ಲ ಅಂತ ಹಲವರು ಹಂಚುವ ಸಂದೇಶ ನಿಮಗೂ ಬಂದಿರಬಹುದು. ಅಷ್ಟು ಗ್ಯಾರಂಟಿಯನ್ನು ಯಾರೂ ಕೊಡಲಾರರು. ಆಟ ಆಡಿದರೆ ಆಟದಲ್ಲಿ ಕೈ ಪಳಗುತ್ತದೆ, ಹೊತ್ತು ಹೋಗುತ್ತದೆ, ಜೊತೆಗೆ ಒಬ್ಬರಿದ್ದರೆ ಮಾತು ಬೆಳೆಯುತ್ತದೆ. ಹಿರಿಯರು ದಿನಬಳಕೆಯ ಪದಗಳನ್ನೇ ಮರೆಯತೊಡಗಿದರೆ, ಒಲೆ ಆರಿಸಲು, ಮನೆಯ ದಾರಿ ನೆನಪಿಟ್ಟುಕೊಳ್ಳಲು ತಡವರಿಸಿದರೆ ಪದದಾಟ ಕೊಟ್ಟು ಕೂರಿಸಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹೊಸದಾಗಿ ಪದದ ಹುಚ್ಚು ಹತ್ತಿದವರಿಗೆ ಪದಬಂಧವೂ ಒಳ್ಳೆಯ ತಾಲೀಮು. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿ ಎಷ್ಟೋ ಮನೆಗಳ ಬೆಳಗಿನ ಚಹಾಕ್ಕೆ ಜೊತೆ ಕೊಟ್ಟವರು. ಆದರೆ ಪದಬಂಧದಲ್ಲಿ ಸುಳಿವು ಕೊಟ್ಟಿರುತ್ತಾರೆ, ಪದ ನಾವು ಹುಡುಕಬೇಕು. ಇಲ್ಲಿ ಪದ ಕೊಟ್ಟಿರುತ್ತಾರೆ, ಸುಳಿವು ನಾವು ಹುಡುಕಬೇಕು. ಅಷ್ಟೇ ವ್ಯತ್ಯಾಸ.

ಈಗ ಆಟ ಕಟ್ಟುವುದು ಅವ್ವನೇ. ವಾರಕ್ಕೆ ಎರಡು, ಕೆಲವು ಸಲ ಮೂರು. ಸಂಜೆಯ ಫೋನು ಅರ್ಧ ಗಂಟೆ ದಾಟುತ್ತದೆ, ಕುಕ್ಕರ್ ಕೂಗುತ್ತಿದ್ದರೂ ಬಿಡುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಆಟಕ್ಕಿಂತ ಬೇರೆಯದೇ ಜಾಸ್ತಿ. ಮೊಳದ ಮಾತು ಬಂದರೆ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ, ಸೇರು-ಪಾವಿನ ಮಾತು ಬಂದರೆ ಅಪ್ಪ ರಾಶಿ ಅಳೆಯುವಾಗ ಮೊದಲ ಎಣಿಕೆಗೆ ಒಂದು ಅನ್ನದೆ ‘ಲಾಭ’ ಅನ್ನುತ್ತಿದ್ದದ್ದು. ಅಪ್ಪನ ಹೆಸರು ಆಕೆ ತಾನಾಗಿ ತೆಗೆದದ್ದು ಎಷ್ಟೋ ದಿನದ ಮೇಲೆ ಅವತ್ತೇ. ನಾನೂ ಮಧ್ಯೆ ಬಾಯಿ ಹಾಕಲಿಲ್ಲ.

ಹೋದ ವಾರ ಆಕೆ ಕಟ್ಟಿದ್ದು ಕೆಳಗಿದೆ. ನನಗೆ ಮೂರು ಗುಂಪು ಸಿಕ್ಕವು, ನಾಲ್ಕನೆಯದರಲ್ಲಿ ಸೋತೆ... ಅಂತ ಹೇಳಿದರೆ ನೀವು ನಗುತ್ತೀರಿ, ಮೂರು ಸಿಕ್ಕಿದರೆ ನಾಲ್ಕನೆಯದು ತಾನೇ ಉಳಿಯಬೇಕಲ್ಲ! ನಿಜ ಹೇಳಬೇಕೆಂದರೆ ನನಗೆ ಎರಡೇ ಸಿಕ್ಕಿದ್ದು. ಲೆಕ್ಕದ ಅಂಕಿ ಆರು ಕಾಣುತ್ತವೆ, ಗಾಬರಿಯಾಗಬೇಡಿ. ಇನ್ನೊಂದು ಸುಳಿವು: ನಮ್ಮ ಕಡೆ ಔಡಲ ಅನ್ನುವುದಕ್ಕೆ ಬೆಂಗಳೂರಿನ ಕಡೆ ಬೇರೆ ಹೆಸರಿದೆ. ಊರ ಅಗಸಿ ದಾಟಿ ಬಂದವರಿಗೆ ಅದರ ಇನ್ನೊಂದು ಅರ್ಥವೂ ಗೊತ್ತಿರಬೇಕು.

ಹತ್ತು, ಹವಳ, ಎಳ್ಳು, ನೂರು, ಹರಳು, ಓಡು, ಆರು, ಮುತ್ತು, ಅಗಸಿ, ಏಳು, ಎಂಟು, ಪಚ್ಚೆ, ಇಳಿ, ಕುಸುಬಿ, ಒಂಬತ್ತು, ನೀಲ.

ಉತ್ತರ ನಾನು ಬರೆಯುವುದಿಲ್ಲ. ಸಿಗದಿದ್ದರೆ ಮನೆಯಲ್ಲಿ ಹಿರಿಯರೊಬ್ಬರನ್ನು ಕೇಳಿ, ಹಿರಿಯರು ದೂರ ಇದ್ದರೆ ಫೋನ್ ಮಾಡಿ. ಹಾಲು ಇಳಿಸಿಟ್ಟು ಮಾಡಿ.